ಬಣ್ಣಕ್ಕಿಂತ ಮೊದಲು ದೀಪ್ತಿ

ಪ್ರೋಗ್ರಾಂ ಬರೆಯುವ ಎಡಿಟರಿಗೆ ಸ್ವಂತ ವರ್ಣಯೋಜನೆಯನ್ನು ರಚಿಸಿಕೊಳ್ಳುವ ಹವ್ಯಾಸ ವಿದ್ಯಾರ್ಥಿಗಳಲ್ಲಿ ಉಂಟು. ಒಳ್ಳೆಯದೇ. ಆದರೆ ಬಹುಮಂದಿ ಮೊದಲು ಬಣ್ಣವನ್ನು ಆರಿಸುತ್ತಾರೆ, ಆರಿಸಬೇಕಾದುದು ದೀಪ್ತಿಯನ್ನು.

ಪರದೆಯ ಬಿಳಿ ಬೆಳಕಿನಲ್ಲಿ ಕಣ್ಣಿಗೆ ತೋರುವ ದೀಪ್ತಿಯ ಶೇಕಡ 72ರಷ್ಟು ಹಸುರಿನದು, 21 ಕೆಂಪಿನದು. ನೀಲಿಯ ಪಾಲು ಕೇವಲ 7. ಆದುದರಿಂದಲೇ ಕಪ್ಪು ಹಿನ್ನೆಲೆಯಲ್ಲಿ ಅಚ್ಚ ನೀಲಿಯ ಅಕ್ಷರಗಳು ಮುಳುಗಿಹೋಗುತ್ತವೆ. ಅಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ದೀಪ್ತಿಯ ಅನುಪಾತ ಸುಮಾರು 2.4. ಬಿಳಿಯ ಮೇಲಿನ ಅಚ್ಚ ಹಳದಿಯದಂತೂ 1.07! ಸಾಮಾನ್ಯ ಗಾತ್ರದ ಅಕ್ಷರಗಳಿಗೆ 4.5 ಆದರೂ ಇರಬೇಕೆಂಬುದು ಜಾಲಪುಟಗಳಿಗಾಗಿ ರೂಪಿತವಾದ ಅಂತರರಾಷ್ಟ್ರೀಯ ಮಾರ್ಗಸೂಚಿ. ಅದನ್ನು ಎಡಿಟರಿಗೂ ಅನ್ವಯಿಸಲು ಅಡ್ಡಿಯೇನು?

2011ರಲ್ಲಿ ಈಥನ್ ಶೂನೋವರ್ ಪ್ರಕಟಿಸಿದ ಸುಪ್ರಸಿದ್ಧ ‘ಸೋಲರೈಸ್ಡ್’ ಯೋಜನೆಯ 16 ವರ್ಣಗಳು ಲೆಕ್ಕಹಾಕಿ ಆರಿಸಿದವು. ಕಣ್ಣಿಗೆ ಹಿತವಾಗಲೆಂದು ದೀಪ್ತಿಯ ಅಂತರವನ್ನು ಅಲ್ಲಿ ಬೇಕೆಂದೇ ತಗ್ಗಿಸಲಾಗಿದೆ. ಆದರೂ ಅದರ ತಿಳಿ ಹಿನ್ನೆಲೆಯಲ್ಲಿ ಮುಖ್ಯ ಅಕ್ಷರಗಳ ಅನುಪಾತ 4.13 ಮಾತ್ರ. ನನ್ನ ಮಟ್ಟಿಗೆ ಇದು ಅತಿಯಾದ ಸೌಮ್ಯತೆ.

ಕೆಂಪು-ಹಸುರುಗಳ ಭೇದ ಕಾಣದ ಸಹಪಾಠಿಗೆ ನಿಮ್ಮ ಕೆಂಪು ದೋಷಸೂಚನೆ ಬಣ್ಣದಿಂದ ತಿಳಿಯದು. ದೀಪ್ತಿ ಬೇರೆಯಾಗಿದ್ದರೆ ತಿಳಿದೀತು. ಯೋಜನೆ ಸಿದ್ಧವಾದೊಡನೆ ಪರದೆಯನ್ನು ಬೂದುಬಣ್ಣಕ್ಕೆ ತಿರುಗಿಸಿ, ಒಂದು ಪುಟ ಓದಿನೋಡಿ. ಯಾವ ಸಾಲು ಮರೆಯಾಯಿತೋ ಅದರ ಬಣ್ಣವನ್ನು ಬದಲಿಸಿ.