ಗೃಹಸ್ಥನ ವಾಹನ: ಹಳೆಯ ಮೋಟಾರಿನ ಗೇರು ಮತ್ತು ವಿದ್ಯುತ್ತು

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನಲ್ಲಿ ತಂದೆಯ ಕಾಲದ ಅಂಬಾಸಿಡರನ್ನೋ ಫಿಯೆಟ್ಟನ್ನೋ ಇನ್ನೂ ಮಾರದೆ ಇಟ್ಟುಕೊಂಡಿರುವ ಮನೆಗಳು ಇಲ್ಲದಿಲ್ಲ. ಅದು ಒಂದು ದಿನ ನಿಂತುಹೋಯಿತೆಂದರೆ ಮನೆಯವರಲ್ಲಿ ಎರಡು ಪಕ್ಷಗಳಾಗುವುವು. ಗುಜರಿಗೆ ಕೊಡಬೇಕೆಂಬುದು ಒಂದು ಪಕ್ಷ; ಮದುವೆಯ ದಿಬ್ಬಣವನ್ನೂ ಬಾಣಂತಿಯನ್ನೂ ಹೊತ್ತು ತಂದ ಗಾಡಿಯನ್ನು ತೂಕಕ್ಕೆ ಮಾರಲಾಗದೆಂಬುದು ಇನ್ನೊಂದು. ಈ ವಾದವನ್ನು ತೀರಿಸುವುದು ನಮ್ಮ ಕೆಲಸವಲ್ಲ. ಆದರೆ ಗಾಡಿಯನ್ನು ಕೊಡಲು ಹೇಳುವ ಕಾರಣಗಳು ಬಹುಮಟ್ಟಿಗೆ ಎರಡೇ: ಗೇರು ಬೀಳುವುದಿಲ್ಲ, ಇಲ್ಲವೆ ವಿದ್ಯುತ್ತು ಕೈಕೊಡುತ್ತದೆ. ಈ ಎರಡು ರೋಗಗಳನ್ನೂ ಗೃಹಸ್ಥನು ತಾನೇ ಅಷ್ಟಿಷ್ಟು ಗುರುತಿಸಬಲ್ಲನಾದರೆ ಹಣವೂ ಉಳಿಯುವುದು, ತೀರ್ಮಾನವೂ ಸರಿಯಾಗುವುದು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ತೆಗೆದುಕೊಂಡಿರುವೆವು.

ಮೊದಲು ಗಾಡಿಯ ವಂಶವನ್ನು ತಿಳಿಯುವುದು ಒಳ್ಳೆಯದು. ನಮ್ಮ ದೇಶದಲ್ಲಿಯೇ ಮೋಟಾರು ಕಾರ್ಖಾನೆಯಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿದವರಲ್ಲಿ ಮೈಸೂರಿನ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ಮುಂದೆ 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯೂ, 1944ರಲ್ಲಿ ವಾಲಚಂದ್ ಹೀರಾಚಂದರ ಪ್ರೀಮಿಯರ್ ಸಂಸ್ಥೆಯೂ ಹುಟ್ಟಿದುವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಅಂಬಾಸಿಡರ್ ಬಂದಿತು. ಇಟಲಿಯ ಫಿಯೆಟ್ 1100ರಿಂದ ಪ್ರೀಮಿಯರ್ ಪದ್ಮಿನಿ ಬಂದಿತು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕಿಂತ ಬಹಳ ಮುಂಚೆಯೇ ನಿಂತಿತ್ತು. ಕಾರ್ಖಾನೆಗಳು ಮುಚ್ಚಿದರೂ ಲಕ್ಷಗಟ್ಟಲೆ ಗಾಡಿಗಳು ಓಡಿದುದರಿಂದ ಬಿಡಿಭಾಗಗಳು ದೊಡ್ಡ ಪಟ್ಟಣಗಳ ಹಳೆಯ ಸಾಮಾನಿನ ಪೇಟೆಗಳಲ್ಲಿ ಹುಡುಕಿದರೆ ದೊರೆಯುವುವು. ಇವುಗಳ ರಚನೆಯೂ ಸರಳ. ಸುತ್ತಿಗೆ, ಸ್ಪ್ಯಾನರು, ಒಂದು ಪರೀಕ್ಷಾ ದೀಪ ಇದ್ದರೆ ಅರ್ಧ ಕೆಲಸವಾದಂತೆ.

ಈಗ ಗೇರಿನ ವಿಚಾರ. ಒಬ್ಬ ಗೃಹಸ್ಥರು ಸಂಸಾರ ಸಮೇತರಾಗಿ ಅರಸೀಕೆರೆಯಿಂದ ಹೊರಟು, ಬಾಣಾವರ ಜಾವಗಲ್ಲುಗಳ ಮೇಲೆ ಹಳೇಬೀಡನ್ನು ನೋಡಿಕೊಂಡು, ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿಗೆ ಹೋಗುತ್ತಿರುವರೆಂದು ಇಟ್ಟುಕೊಳ್ಳೋಣ. ದಾರಿಯಲ್ಲಿ ಒಂದನೆಯ ಗೇರು ಬೀಳದೆ ಹೋಯಿತು. ಕೇಳಿದವರು “ಗೇರ್ ಬಾಕ್ಸ್ ಹೋಯಿತು, ಇಳಿಸಿ ಬದಲಾಯಿಸಬೇಕು” ಎಂದುಬಿಡುವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ ಇದಕ್ಕೆ ಒಪ್ಪಬಾರದು. ಹ್ಯಾಂಡ್ ಗೇರಿನ ಗಾಡಿಗಳಲ್ಲಿ ಸ್ಟೇರಿಂಗಿನ ಬಳಿಯ ಹಿಡಿಕೆಗೂ ಗೇರ್ ಪೆಟ್ಟಿಗೆಗೂ ನಡುವೆ ಸಲಾಕೆಗಳೂ ಕೀಲುಗಳೂ ಇರುವುವು. ಆ ಕೀಲಿನ ಬುಷ್ ಸವೆದರೆ ಹಿಡಿಕೆ ಪೂರ್ತಿ ಚಲಿಸಿದರೂ ಒಳಗಿನ ಹಲ್ಲು ಪೂರ್ತಿ ಸರಿಯುವುದಿಲ್ಲ. ಎಂಜಿನನ್ನು ನಿಲ್ಲಿಸಿ, ಒಬ್ಬರು ಹಿಡಿಕೆಯನ್ನು ಆಡಿಸುತ್ತಿರಲು ಇನ್ನೊಬ್ಬರು ಬಾನೆಟ್ಟು ತೆರೆದು ಸಲಾಕೆಗಳನ್ನು ನೋಡಿದರೆ ಸವೆತವು ಕಣ್ಣಿಗೇ ಕಾಣುವುದು. ಬುಷ್ಷಿನ ಖರ್ಚೆಲ್ಲಿ, ಗೇರ್ ಪೆಟ್ಟಿಗೆಯ ಖರ್ಚೆಲ್ಲಿ!

ಎರಡನೆಯದಾಗಿ, ಎಂಜಿನು ನಿಂತಿರುವಾಗ ಗೇರುಗಳೆಲ್ಲ ಸಲೀಸಾಗಿ ಬಿದ್ದು, ಎಂಜಿನು ಓಡುವಾಗ ಮಾತ್ರ ಕರಕರನೆ ಸದ್ದಾದರೆ ದೋಷವು ಕ್ಲಚ್ಚಿನದು. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಪೆಡಲಿನ ಸಡಿಲವನ್ನು ಸರಿಪಡಿಸಿದರೆ ಹಲವು ವೇಳೆ ಗುಣವಾಗುವುದು. ಇನ್ನೊಂದು ಮಾತನ್ನು ನೆನಪಿಡಬೇಕು: ಈ ಎರಡು ಗಾಡಿಗಳಲ್ಲಿಯೂ ಒಂದನೆಯ ಗೇರಿಗೆ ಹಲ್ಲುಗಳ ವೇಗವನ್ನು ಸಮಮಾಡುವ ಏರ್ಪಾಡು ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲು ಒಂದನೆಯ ಗೇರನ್ನು ಹಾಕಿದರೆ ಸದ್ದಾಗಿಯೇ ತೀರುವುದು. ಅದು ರೋಗವಲ್ಲ, ಸ್ವಭಾವ. ಹೊಸ ಗಾಡಿಗಳಲ್ಲಿ ಕಲಿತ ಮಕ್ಕಳಿಗೆ ಇದನ್ನು ಹೇಳಿಕೊಡದೆ ಹಳೆಯ ಗಾಡಿಯ ಬೀಗದ ಕೈಯನ್ನು ಕೊಡುವುದು ತರವಲ್ಲ.

ಸದ್ದನ್ನು ಕೇಳಿ ರೋಗವನ್ನು ಹೇಳುವ ಕ್ರಮ ಹೀಗೆ. ಗಾಡಿಯನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಿದಾಗ ಗುಂಯ್ ಎನ್ನುತ್ತಿದ್ದು, ಕ್ಲಚ್ಚು ತುಳಿದೊಡನೆ ನಿಂತರೆ ಗೇರ್ ಪೆಟ್ಟಿಗೆಯ ಬೇರಿಂಗನ್ನು ಶಂಕಿಸಬೇಕು. ತುಳಿದಾಗಲೇ ಸದ್ದು ಹುಟ್ಟಿದರೆ ಕ್ಲಚ್ಚಿನ ಬೇರಿಂಗು. ಗಾಡಿ ಹೊರಡುವಾಗ ಕೆಳಗೆ “ಠಣ್” ಎಂದು ಹೊಡೆದರೆ ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ದಂಡದ ಜಾಯಿಂಟ್ ಕ್ರಾಸು. ಇಷ್ಟನ್ನು ಬರೆದುಕೊಂಡು ಹೋಗಿ ಹೇಳಿದರೆ ಕೆಲಸಗಾರನಿಗೂ ದಾರಿ ತಿಳಿಯುವುದು, ನಿಮ್ಮಲ್ಲಿ ಗೌರವವೂ ಹುಟ್ಟುವುದು. ಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ಮಾತ್ರ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು. ಎಣ್ಣೆಯಿಲ್ಲದೆ ಓಡಿಸಿ ಹಲ್ಲು ಸವೆಸಿಕೊಂಡವರಿಗೆ ಬೇರೆ ಉಪಾಯವಿಲ್ಲ.

ಭಾಗ ದೊರೆಯದಿದ್ದರೆ ಹತಾಶರಾಗಬೇಕಿಲ್ಲ. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ಥಳಥಳಿಸುವ ದುಂಡುಕಂಬಗಳನ್ನು ನೋಡದವರಾರು? ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳವು; ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದುದು 1117ರಲ್ಲಿ. ಕಲ್ಲನ್ನು ತಿರುಗಣೆಯಲ್ಲಿ ಕಡೆದ ಸೀಮೆಯಲ್ಲಿ ಒಂದು ಕಂಚಿನ ಬುಷ್ಷನ್ನು ಲೇತಿನಲ್ಲಿ ಕಡೆಸುವುದು ಕಷ್ಟವೇ? ಟ್ರಾಕ್ಟರು, ಪಂಪುಸೆಟ್ಟುಗಳಿಗಾಗಿ ಕೆಲಸಮಾಡುವ ಲೇತಿನವರಿಗೆ ಹಳೆಯ ಬುಷ್ಷನ್ನೂ ಅದು ಕೂರುವ ಸಲಾಕೆಯನ್ನೂ ಒಟ್ಟಿಗೆ ಕೊಟ್ಟು ಅಳತೆ ತೆಗೆಸಬೇಕು. ಸವೆದ ಬುಷ್ಷೊಂದನ್ನೇ ಕೊಟ್ಟರೆ ಸವೆದ ಅಳತೆಯೇ ಮರಳಿ ಬರುವುದು. ಆದರೆ ಗೇರಿನ ಹಲ್ಲುಗಳನ್ನೂ ಬ್ರೇಕಿನ ಭಾಗಗಳನ್ನೂ ಹೀಗೆ ಮಾಡಿಸಕೂಡದು.

ಇನ್ನು ವಿದ್ಯುತ್ತು. ಇದು ಗೇರಿಗಿಂತ ಸೂಕ್ಷ್ಮ, ಅಪಾಯವೂ ಹೆಚ್ಚು. ಗೇರು ಕೆಟ್ಟರೆ ಗಾಡಿ ನಿಲ್ಲುವುದು. ತಂತಿ ಕೆಟ್ಟರೆ ಗಾಡಿ ಉರಿಯುವುದು. ಹಳೆಯ ತಂತಿಗಳ ಹೊದಿಕೆ ಕಾಲಕ್ರಮದಲ್ಲಿ ಗಡುಸಾಗಿ ಬಿರುಕುಬಿಡುವುದು. ಇಲಿ ಕಡಿಯುವುದೂ ಉಂಟು. ಅದರ ಮೇಲೆ ಒಬ್ಬರು ಹಾರನ್ನಿಗೆಂದು, ಇನ್ನೊಬ್ಬರು ಹಾಡಿನ ಪೆಟ್ಟಿಗೆಗೆಂದು ತಂತಿಗಳನ್ನು ಗಂಟುಹಾಕಿರುವರು. ಕಾರ್ಖಾನೆಯವರು ಬಣ್ಣಬಣ್ಣವಾಗಿ ಹೊಂದಿಸಿದ್ದು ಒಂದು ಮಧ್ಯಾಹ್ನದಲ್ಲಿ ಕೆಡುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಫ್ಯೂಸು ಮತ್ತೆ ಮತ್ತೆ ಹೋಗುವುದೆಂದು ಅದರ ಜಾಗದಲ್ಲಿ ತಂತಿಯ ತುಂಡನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಇಡುವವರು ಮನೆಗೆ ಬೆಂಕಿಯಿಡುವವರಿಗೆ ಸಮಾನರು. ಫ್ಯೂಸು ಕಾವಲುಗಾರ, ಅವನು ಬೊಗಳುವನೆಂದು ಹೊಡೆದಟ್ಟಬಾರದು, ಕಳ್ಳನನ್ನು ಹುಡುಕಬೇಕು.

ಪರೀಕ್ಷೆಯ ಕ್ರಮ ಸುಲಭ. ಹನ್ನೆರಡು ವೋಲ್ಟಿನ ಬ್ಯಾಟರಿ ಚೆನ್ನಾಗಿ ತುಂಬಿ, ಎಂಜಿನು ನಿಂತಿರುವಾಗ ಸುಮಾರು 12.6 ವೋಲ್ಟು ತೋರಬೇಕು. ಎಂಜಿನು ಚುರುಕಾಗಿ ಓಡುವಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬ್ಯಾಟರಿಯನ್ನು ಬದಲಾಯಿಸಿ ಪ್ರಯೋಜನವಿಲ್ಲ. ಬೆಲ್ಟು, ಡೈನಮೋ, ಅದರ ರೆಗ್ಯುಲೇಟರುಗಳನ್ನು ನೋಡಬೇಕು. ಡೈನಮೋ ಇರುವ ಗಾಡಿಗಳಲ್ಲಿ ಎಂಜಿನು ನಿಧಾನವಾಗಿರುವಾಗ ದೀಪ ಮಂಕಾಗುವುದು ಸಹಜ. ಅದಕ್ಕಾಗಿ ಹಣ ಸುರಿಯಬೇಡಿ. ಒಂದು ದೀಪ ಹತ್ತಿಸಿದರೆ ಇನ್ನೊಂದು ಮಿಣುಕುವುದು, ಸ್ಟಾರ್ಟರು ಸೋಮಾರಿಯಾಗಿ ತಿರುಗುವುದು, ಇಂಥವುಗಳಿಗೆ ಮೂಲ ಹೆಚ್ಚಾಗಿ ಅರ್ಥಿಂಗಿನಲ್ಲಿರುವುದು. ಬ್ಯಾಟರಿಯಿಂದ ಗಾಡಿಯ ಮೈಗೂ, ಮೈಯಿಂದ ಎಂಜಿನಿಗೂ ಹೋಗುವ ಪಟ್ಟಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿದರೆ ಬಹಳ ದೋಷಗಳು ಮಾಯವಾಗುವುವು. ಕೈಹಾಕುವ ಮುನ್ನ ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ತಪ್ಪದೆ ಬಿಚ್ಚತಕ್ಕದ್ದು. ಬಹಳ ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಧನಧ್ರುವವನ್ನೇ ಮೈಗೆ ಕಟ್ಟಿರುವುದುಂಟು. ಅದನ್ನು ತಿಳಿಯದೆ ಬ್ಯಾಟರಿಯನ್ನು ಹಾಕಿಸಬಾರದು.

ಕಾಯಿದೆಯನ್ನೂ ಮರೆಯಬಾರದು. ಖಾಸಗಿ ಮೋಟಾರಿನ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯುಂಟು. ಆದರೆ ಹಾಗೆ ನೋಂದಾಯಿಸಿದುದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ದೇವಸ್ಥಾನಕ್ಕೂ ಹೋಗುವ ಆಸೆಯುಳ್ಳವರು ಇದನ್ನು ಯೋಚಿಸಿಯೇ ಅರ್ಜಿ ಕೊಡಬೇಕು.

ಕಡೆಯದಾಗಿ ಒಂದು ಮಾತು. ಹಳೆಯ ಗಾಡಿಯ ಕೆಲಸ ಬಲ್ಲವರು ಮುಪ್ಪಾಗುತ್ತಿರುವರು. ಅವರ ಕೈಯ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಸಿಕ್ಕುವುದಿಲ್ಲ. ಅಂಥವರೊಬ್ಬರು ನಿಮ್ಮ ಊರಿನಲ್ಲಿದ್ದರೆ ಕೂಲಿಯಲ್ಲಿ ಚೌಕಾಸಿ ಮಾಡದೆ, ಅವರು ಗಾಡಿಯನ್ನು ಬಿಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ. ಬಿಚ್ಚಿದ ಭಾಗಗಳನ್ನು ಕ್ರಮವಾಗಿ ಜೋಡಿಸುವ ಕೆಲಸವನ್ನು ಅವರಿಗೇ ವಹಿಸಿ. ಗಾಡಿಯನ್ನು ಮಾರುವುದೋ ಇಡುವುದೋ ಎಂಬುದನ್ನು ಆಮೇಲೆ ನಿಶ್ಚಯಿಸಬಹುದು. ಮಾರಿದರೂ ಆ ಅರಿವು ಮನೆಯಲ್ಲಿ ಉಳಿಯುವುದು.