ಮನೆತನದ ರೋಗ: ಗುಟ್ಟೋ, ಸೂಚನೆಯೋ?

‘ಆ ಮನೆಯವರಿಗೆ ಹೊಟ್ಟೆಯ ರೋಗವೇ ಮೃತ್ಯು’ ಎಂದು ಹಿರಿಯರು ತಗ್ಗಿದ ದನಿಯಲ್ಲಿ ಆಡುವುದುಂಟು. ಪ್ರಾರಬ್ಧವೆಂದು ಬಗೆದು ಅಲ್ಲಿಗೇ ಬಿಡುವುದೂ ಉಂಟು. ಅಂಥ ಮಾತೊಂದಕ್ಕೆ ವೈದ್ಯನೊಬ್ಬನು ಕಿವಿಗೊಟ್ಟುದರ ಫಲವನ್ನು ಈ ತಿಂಗಳು ನೋಡೋಣ.

1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ರೋಗವಿಜ್ಞಾನಿ ಆಲ್ಡ್ರೆಡ್ ವಾರ್ಥಿನ್ ಅವರಲ್ಲಿ ಹೊಲಿಗೆಯ ಹೆಣ್ಣುಮಗಳೊಬ್ಬಳು, ತನ್ನ ಬಂಧುಗಳನೇಕರು ಕ್ಯಾನ್ಸರಿನಿಂದ ಮಡಿದರೆಂದೂ ತನಗೂ ಅದೇ ಗತಿಯೆಂದೂ ಹೇಳಿಕೊಂಡಳು. ಆಕೆಯ ಭಯ ನಿಜವಾಯಿತು. ಗರ್ಭಕೋಶದ ಕ್ಯಾನ್ಸರಿನಿಂದ ಆಕೆ ತೀರಿಕೊಂಡಳು. ವಾರ್ಥಿನ್ ಆ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರು. ಜಠರ, ಗರ್ಭಕೋಶಗಳ ಕ್ಯಾನ್ಸರು ಅದರಲ್ಲಿ ಎದ್ದು ಕಾಣುತ್ತಿದ್ದಿತು. 1971ರಲ್ಲಿ ಹೆನ್ರಿ ಲಿಂಚ್ ಈ ‘ಜಿ ಕುಟುಂಬ’ವನ್ನು ಮತ್ತೆ ಪರಿಶೀಲಿಸಿದರು. ಕೊನೆಗೆ 2000ದಲ್ಲಿ ಎಂಎಸ್ಎಚ್2 ಎಂಬ ಜೀನಿನಲ್ಲಿ ದೋಷವು ಪತ್ತೆಯಾಯಿತು.

ಈ ಜೀನಿನ ಕೆಲಸವೇನು? ಜೀವಕೋಶವು ಇಬ್ಭಾಗವಾಗುವ ಮುನ್ನ ತನ್ನ ಡಿಎನ್ಎ ಬರಹವನ್ನು ಪ್ರತಿಮಾಡಿಕೊಳ್ಳುತ್ತದೆ. ಓಲೆಗರಿಯನ್ನು ನಕಲು ಮಾಡುವ ಲಿಪಿಕಾರನು ಒಂದೇ ಅಕ್ಷರ ಮರಳಿ ಮರಳಿ ಬಂದೆಡೆ ಲೆಕ್ಕ ತಪ್ಪುವಂತೆ, ಜೀವಕೋಶವೂ ತಪ್ಪುತ್ತದೆ. ಆ ತಪ್ಪನ್ನು ತಿದ್ದುವ ಬಳಗದಲ್ಲಿ ಎಂಎಸ್ಎಚ್2 ಒಂದು. ತಿದ್ದುವವರಿಲ್ಲದಾಗ ಇಂತಹ ಪುನರುಕ್ತಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಇದೇ ‘ಮೈಕ್ರೋಸ್ಯಾಟಲೈಟ್ ಅಸ್ಥಿರತೆ’. ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳಲ್ಲಿಯೂ ತಪ್ಪುಗಳು ಸೇರಿಕೊಂಡರೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

2014ರಲ್ಲಿ ಪ್ರಕಟವಾದ ಅಧ್ಯಯನವೊಂದು 295 ಜಠರದ ಗೆಡ್ಡೆಗಳನ್ನು ಪರೀಕ್ಷಿಸಿತು; ಸುಮಾರು ಐದರಲ್ಲೊಂದರಲ್ಲಿ ಈ ಗುರುತು ಕಂಡಿತು. ಆದರೆ ಗುರುತು ಕಂಡೊಡನೆ ರೋಗವು ವಂಶದಿಂದ ಬಂತೆನ್ನಲಾಗದು. ಜಠರದಲ್ಲಿ ಬಹುಪಾಲು ಇದು ಇಳಿವಯಸ್ಸಿನವರಲ್ಲಿ, ಎಂಎಲ್ಎಚ್1 ಎಂಬ ಇನ್ನೊಂದು ಜೀನು ಗೆಡ್ಡೆಯೊಳಗೆ ಮೂಕವಾಗುವುದರಿಂದ ಉಂಟಾಗುತ್ತದೆ.

ಈ ಗುರುತು ಚಿಕಿತ್ಸೆಗೂ ದಾರಿ ತೋರಿದೆ. ತಪ್ಪುಗಳು ತುಂಬಿದ ಗೆಡ್ಡೆಯು ವಿಚಿತ್ರ ಪ್ರೋಟೀನುಗಳನ್ನು ತಯಾರಿಸುವುದರಿಂದ ದೇಹದ ರಕ್ಷಣಾವ್ಯವಸ್ಥೆಯು ಅದನ್ನು ಗುರುತಿಸಬಲ್ಲುದು. ಆ ರಕ್ಷಣಾಶಕ್ತಿಗಿರುವ ತಡೆಯನ್ನು ತೆಗೆಯುವ ಪೆಂಬ್ರೊಲಿಜುಮ್ಯಾಬ್ ಔಷಧಕ್ಕೆ, ರೋಗವು ಯಾವ ಅಂಗದಲ್ಲೇ ಮುಂದುವರಿದಿರಲಿ, ಈ ಗುರುತಿದ್ದರೆ ಬಳಸಬಹುದೆಂದು ಅಮೆರಿಕವು 2017ರಲ್ಲಿ ಅನುಮತಿ ನೀಡಿತು.

ವಂಶದ ದೋಷವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಂಭವ ಅರ್ಧದಷ್ಟು ಮಾತ್ರ. ಬಂದವರೆಲ್ಲರಿಗೂ ರೋಗ ತಪ್ಪದೆಂದೂ ಅಲ್ಲ. ದೋಷವಿದೆಯೆಂದು ಮೊದಲೇ ತಿಳಿದವರು ಕರುಳಿನ ನಿಯತ ತಪಾಸಣೆಯಿಂದ ಅಪಾಯವನ್ನು ತಗ್ಗಿಸಿಕೊಳ್ಳಬಹುದು. ಗಡಿಯ ಆಚೀಚೆ ಹರಡಿದ ನಮ್ಮ ಮನೆತನಗಳಲ್ಲಿ ಒಬ್ಬರ ಕಾಯಿಲೆಯ ಸಂಗತಿ ಇನ್ನೊಬ್ಬರಿಗೆ ತಲುಪದೆ ಹೋಗುವುದುಂಟು. ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೆಯ ವಯಸ್ಸಿನಲ್ಲಿ ಕ್ಯಾನ್ಸರು ಬಂದಿತೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿರಿ, ವೈದ್ಯರಿಗೆ ತೋರಿಸಿರಿ. ಮುಚ್ಚಿಟ್ಟ ಸಂಗತಿಯಿಂದ ಮಕ್ಕಳಿಗೆ ರಕ್ಷಣೆಯಿಲ್ಲ.