ಚಲಚ್ಚಿತ್ರದ ಮುದ್ರೆಯೂ ಮಗುವಿನ ಭಯವೂ

ಭೂತಪ್ರೇತಗಳಿಲ್ಲದ ಚಲಚ್ಚಿತ್ರದಲ್ಲಿ ಭಯವೂ ಇಲ್ಲವೆಂಬುದು ಹಿರಿಯರ ಭ್ರಾಂತಿ. 1978ರ ‘ವಾಟರ್‌ಶಿಪ್ ಡೌನ್’ ಎಂಬ ಆಂಗ್ಲ ಚಿತ್ರವು ಹೊಸ ನೆಲೆಯನ್ನರಸಿ ಹೊರಟ ಮೊಲಗಳ ಕಥೆ. ಮೊಲವೆಂದರೆ ಸಾಧುಪ್ರಾಣಿ, ಬರೆದ ಬೊಂಬೆಗಳೆಂದರೆ ಮಕ್ಕಳಾಟ! ಬ್ರಿಟನ್ನಿನ ಪರೀಕ್ಷಕ ಮಂಡಳಿಯು ಅದು ಸರ್ವರಿಗೂ ಯೋಗ್ಯವೆಂದು ‘ಯು’ ಮುದ್ರೆಯನ್ನೊತ್ತಿತು. ತೆರೆಯ ಮೇಲಾದರೋ, ಹೊಲವು ನೆತ್ತರಿನಿಂದ ತೊಯ್ದಿತು. ಮುಚ್ಚಿದ ಬಿಲಗಳಲ್ಲಿ ಮೊಲಗಳು ಉಸಿರುಕಟ್ಟಿ ಸತ್ತವು. ಮುದ್ರೆಯನ್ನು ನಂಬಿದ ಮನೆಗಳ ಮಕ್ಕಳಲ್ಲಿ ಹಲವರು ನಡುವಯಸ್ಸಿನಲ್ಲಿಯೂ ಆ ದೃಶ್ಯಗಳನ್ನು ಮರೆಯಲಾರದಾದರು. ಹಿರಿಯರ ಮಾರ್ಗದರ್ಶನವನ್ನು ಸೂಚಿಸುವ ‘ಪಿಜಿ’ ವರ್ಗಕ್ಕೆ ಅದನ್ನು ಸೇರಿಸಲು ಮಂಡಳಿಗೆ 40ಕ್ಕೂ ಮಿಕ್ಕ ವರ್ಷಗಳು ಬೇಕಾದುವು.

ಹಾಗಾದರೆ ಅಂಥ ದೃಶ್ಯಗಳನ್ನೆಲ್ಲ ಕತ್ತರಿಸಿಬಿಡಬೇಕೆಂಬ ವಾದವುಂಟು. ಅದೂ ಸಲ್ಲದು. ಸಾವಿನ ಭಯವನ್ನು ತೆಗೆದರೆ ಆ ಮೊಲಗಳು ಮನೆಬಿಟ್ಟು ಓಡುವುದೇಕೆ? ಅವುಗಳ ಧೈರ್ಯಕ್ಕೆ ಬೆಲೆಯೇನು? 1938ರಲ್ಲಿ ಅದೇ ಮಂಡಳಿಯು ‘ಸ್ನೋ ವೈಟ್’ ಚಿತ್ರಕ್ಕೆ ‘ಎ’ ಮುದ್ರೆಯನ್ನಿತ್ತಿತು. 16 ವರ್ಷದೊಳಗಿನವರು ಹಿರಿಯರೊಡನೆಯೇ ಬರತಕ್ಕದ್ದೆಂಬುದು ಅದರ ನಿಯಮ. ಮಕ್ಕಳ ಕಥೆಗೆ ಇಷ್ಟು ಬಿಗಿಯೇಕೆಂದು ನಗುವವರು ನಗಲಿ. ಆ ನಿಯಮದಲ್ಲಿ ವಿವೇಕವಿತ್ತು. ಕತ್ತಲಲ್ಲಿ ಹೆದರಿದ ಮಗುವು ಪಕ್ಕದ ಕೈಯನ್ನು ಹುಡುಕುತ್ತದೆ. ಮುದ್ರೆಯನ್ನು ನೋಡಿ ಮಗುವನ್ನು ಒಳಕ್ಕೆ ಕಳುಹಿ, ತಾವು ಹೊರಗುಳಿಯುವ ತಂದೆತಾಯಿಗಳಿಗೆ ಮಂಡಳಿಯನ್ನು ದೂರುವ ಅಧಿಕಾರವಿಲ್ಲ.